ಜೋಳಿಗೆ ಒಡ್ಡುವವರು ಯಾರು?



ಇವತ್ತು ಆಗಸ್ಟ್ 1. ಕ್ಯಾಲೆಂಡರ್‌ನಲ್ಲಿ ಈ ದಿನಕ್ಕೆ ಕೆಂಪು ಬಣ್ಣ ಇಲ್ಲ, ಶಾಲೆಗೆ ರಜೆ ಇಲ್ಲ. ಆದರೆ ಕರ್ನಾಟಕ ಸರ್ಕಾರದ ಲೆಕ್ಕದಲ್ಲಿ ಇವತ್ತು ವ್ಯಸನಮುಕ್ತ ದಿನ. ಇಳಕಲ್ಲಿನ ಡಾ. ಮಹಾಂತ ಸ್ವಾಮೀಜಿಯವರು ಹುಟ್ಟಿದ ದಿನ. ಅವರ ಬಗ್ಗೆ ಆಮೇಲೆ ಹೇಳ್ತೀನಿ. ಅದಕ್ಕೂ ಮುಂಚೆ ಒಂದು ಫೋನ್ ಕರೆಯ ಕಥೆ ಹೇಳಬೇಕು. ಈ ಕಥೆಯಲ್ಲಿ ತಪ್ಪಿತಸ್ಥ ಒಬ್ಬ ಇದ್ದಾನೆ. ಅವನು ನಾನೇ.

2020ರ ಸೆಪ್ಟೆಂಬರ್ ನಿಮಗೆ ನೆನಪಿರಬಹುದು. ಒಂದು ಕಡೆ ಕೊರೊನಾ, ಇನ್ನೊಂದು ಕಡೆ ಬೆಂಗಳೂರಿನ ಡ್ರಗ್ಸ್ ಪ್ರಕರಣ. ಸಿನಿಮಾ ಮಂದಿಯ ಹೆಸರು ಬಂದಿದ್ದೇ ತಡ, ನಮ್ಮ ಎಲ್ಲಾ ಚಾನೆಲ್‌ಗಳಲ್ಲೂ ಬೆಳಗ್ಗೆಯಿಂದ ರಾತ್ರಿವರೆಗೆ ಅದೇ ಸುದ್ದಿ. ಯಾರು ಪಾರ್ಟಿಗೆ ಹೋದ್ರು, ಯಾರ ಮನೆ ಮುಂದೆ ಪೊಲೀಸ್ ಜೀಪ್ ನಿಂತಿತು, ಯಾರ ಮೊಬೈಲ್‌ನಲ್ಲಿ ಏನಿತ್ತು. ನಾನೂ ಗಂಟೆಗಟ್ಟಲೆ ಮಾತಾಡಿದೆ. ದನಿ ಎತ್ತರಿಸಿ ಮಾತಾಡಿದೆ. ನೀವೂ ನೋಡಿದ್ರಿ.

ಅಂಥ ಒಂದು ರಾತ್ರಿ ಕಾರ್ಯಕ್ರಮ ಮುಗಿಸಿ ಮೇಕಪ್ ಒರೆಸಿಕೊಳ್ಳುತ್ತಿದ್ದೆ. ಡೆಸ್ಕ್‌ನ ಹುಡುಗ ಬಂದು, "ಸರ್, ಯಾರೋ ಒಬ್ಬ ತಾಯಿ ನಾಲ್ಕು ಸಲ ಫೋನ್ ಮಾಡಿದ್ದಾರೆ, ನಿಮ್ಮ ಹತ್ರಾನೇ ಮಾತಾಡಬೇಕಂತೆ" ಅಂದ. ತಗೊಂಡೆ. ಯಾದಗಿರಿ ಕಡೆಯ ಹೆಣ್ಣುಮಗಳು. ಹೆಸರು ಬೇಡ. ಮಗ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ. ಲಾಕ್‌ಡೌನ್ ಆದಾಗ ಪಿ.ಜಿ. ಖಾಲಿ ಮಾಡಿ ಊರಿಗೆ ಬಂದ. ಬಂದವನಿಗೆ ರಾತ್ರಿ ನಿದ್ದೆ ಇಲ್ಲ, ಊಟ ಸೇರಲ್ಲ, ಮಾತೆತ್ತಿದರೆ ಸಿಟ್ಟು. ಒಂದು ದಿನ ತಾಯಿ ಬ್ಯಾಗ್ ತೊಳೆಯಲು ತೆಗೆದರೆ ಒಳಗೆ ಗಾಂಜಾ ಪೊಟ್ಟಣ.

ಆ ತಾಯಿ ಅಳುತ್ತಿರಲಿಲ್ಲ. ಒಂದು ಪ್ರಶ್ನೆ ಕೇಳಿದರು. "ಸರ, ನಾ ಬೈದರ ನಮ್ಮ ಹುಡುಗ ಏನಂತಾನ ಗೊತ್ತೇನ್ರೀ? ಶಿವನೇ ಸೇದ್ತಾನ, ಸಾಧುಗಳು ಸೇದ್ತಾರ, ಜಾತ್ರ್ಯಾಗ ಪ್ರಸಾದ ಅಂತ ಕೊಟ್ಟರ ಪುಣ್ಯ, ನಾ ಸೇದಿದ್ರ ಪಾಪೇನವ್ವಾ ಅಂತಾನ. ನಾ ಏನು ಉತ್ತರ ಕೊಡ್ಲಿ?"

ವೀಕ್ಷಕರೇ, ಅವತ್ತು ರಾತ್ರಿ ಎರಡೂವರೆ ತಾಸು ಡ್ರಗ್ಸ್ ಬಗ್ಗೆ ಮಾತಾಡಿದ್ದ ನನ್ನ ಹತ್ತಿರ ಆ ಒಂದು ಪ್ರಶ್ನೆಗೆ ಉತ್ತರ ಇರಲಿಲ್ಲ.

ಹುಡುಗ ಸುಳ್ಳು ಹೇಳಿರಲಿಲ್ಲ, ನೋಡಿ. ಅದೇ ತಿಂಗಳು ಪತ್ರಿಕೆಗಳಲ್ಲಿ ಒಂದು ವರದಿ ಬಂದಿತ್ತು. ಯಾದಗಿರಿ ಜಿಲ್ಲೆಯ ತಿಂಥಣಿ, ಕೃಷ್ಣಾ ನದಿಯ ದಡದ ಮೌನೇಶ್ವರನ ಕ್ಷೇತ್ರ. ಹಿಂದೂಗಳೂ ಮುಸ್ಲಿಮರೂ ಒಟ್ಟಿಗೆ ನಡೆದುಕೊಳ್ಳುವ ಜಾಗ. ಅಲ್ಲಿ ಜಾತ್ರೆಯ ಸಮಯದಲ್ಲಿ ಭಕ್ತರಿಗೆ ಗಾಂಜಾ ಪ್ರಸಾದವಾಗಿ ಸಿಗುತ್ತೆ, ಉತ್ತರ ಕರ್ನಾಟಕದ ಆರೂಢ, ಅವಧೂತ, ಶರಣ ಪರಂಪರೆಗಳ ಕೆಲವರು ಅದನ್ನು ಧ್ಯಾನಕ್ಕೆ ದಾರಿ ಅಂತ ನಂಬುತ್ತಾರೆ ಅನ್ನುವುದು ವರದಿ. ನಮ್ಮ ನ್ಯೂಸ್ ರೂಮ್‌ನಲ್ಲಿ ಇದರ ಮೇಲೆ ಜಗಳವೇ ಆಯ್ತು. ಒಬ್ಬರು, "ಸರ್, ದೇವಸ್ಥಾನದಲ್ಲಿ ಗಾಂಜಾ, ದೊಡ್ಡ ಸ್ಟೋರಿ, ಹೊಡೀರಿ" ಅಂದ್ರು. ಇನ್ನೊಬ್ಬರು, "ಧರ್ಮದ ವಿಷಯ, ಕೈ ಹಾಕೋದು ಬೇಡ" ಅಂದ್ರು. ಹೊಡೀಬೇಕು ಅಂದವರೂ ಸರಿಯಾಗಿ ಯೋಚಿಸಿರಲಿಲ್ಲ, ಬೇಡ ಅಂದವರೂ ಯೋಚಿಸಿರಲಿಲ್ಲ. ನಾನು ತೀರ್ಮಾನ ಮಾಡಬೇಕಾದವನು, ನಾನೂ ಯೋಚಿಸಲಿಲ್ಲ. ಪಾರ್ಟಿ ಸುದ್ದಿಗೆ ವಾಪಸ್ ಹೋದೆ. ಅದಕ್ಕೆ ಟಿಆರ್‌ಪಿ ಇತ್ತು.

ಆ ಫೋನ್ ಬಂದ ಮೇಲೆ ಓದೋಕೆ ಕೂತೆ. ಓದಿದ್ದನ್ನು ನಿಮ್ಮ ಮುಂದೆ ಇಡ್ತೀನಿ.

ಮೊದಲನೇ ಮಾತು. ಧರ್ಮಕ್ಕೂ ನಶೆಗೂ ನಂಟು ಇವತ್ತಿನದಲ್ಲ. ಅಥರ್ವವೇದದಲ್ಲಿ ಭಂಗ ಅನ್ನುವ ಗಿಡದ ಹೆಸರು ಬರುತ್ತೆ. ಶಿವರಾತ್ರಿ, ಹೋಳಿ ಬಂತು ಅಂದ್ರೆ ಕಾಶಿಯಲ್ಲಿ ಭಂಗಿ ಹಾಕಿದ ತಂಡಾಯಿ ಸಾಮಾನ್ಯ. ಉತ್ತರ ಪ್ರದೇಶ, ರಾಜಸ್ಥಾನಗಳಲ್ಲಿ ಸರ್ಕಾರವೇ ಲೈಸೆನ್ಸ್ ಕೊಟ್ಟ ಭಂಗಿ ಅಂಗಡಿಗಳಿವೆ. ಕುಂಭಮೇಳದಲ್ಲಿ ನಾಗಾ ಸಾಧುಗಳ ಚಿಲುಮೆಯ ಹೊಗೆಯನ್ನು ನಮ್ಮ ಕ್ಯಾಮೆರಾಗಳೇ ಭಕ್ತಿಯಿಂದ ತೋರಿಸುತ್ತವೆ. ಅದೇ ಕ್ಯಾಮೆರಾ ಬೆಂಗಳೂರಿನ ಪಾರ್ಕ್‌ನಲ್ಲಿ ಕೂತ ಹುಡುಗನ ಮೇಲೆ ತಿರುಗಿದರೆ ಕೆಳಗೆ ಕೆಂಪು ಪಟ್ಟಿ ಓಡುತ್ತೆ. ಆ ಹುಡುಗ ತಾಯಿಗೆ ಕೇಳಿದ್ದು ಇದನ್ನೇ ತಾನೆ?

ಬ್ರಿಟಿಷರಿಗೂ ಈ ತಲೆನೋವು ಬಂದಿತ್ತು. ಲಂಡನ್ನಿನ ಸಂಸತ್ತಿನಲ್ಲಿ ಪ್ರಶ್ನೆ ಎದ್ದ ಮೇಲೆ 1893ರಲ್ಲಿ ಒಂದು ಆಯೋಗ ಮಾಡಿದರು. ಇಂಡಿಯನ್ ಹೆಂಪ್ ಡ್ರಗ್ಸ್ ಕಮಿಷನ್ ಅಂತ. 7 ಜನ ಸದಸ್ಯರು, ಅದರಲ್ಲಿ 3 ಜನ ಭಾರತೀಯರು. ದೇಶ ಸುತ್ತಿ 1,193 ಜನರ ಸಾಕ್ಷ್ಯ ಪಡೆದರು. 1894ರಲ್ಲಿ ವರದಿ ಬಂತು. ಹಿತಮಿತವಾಗಿ ಬಳಸುವವರಲ್ಲಿ ದೊಡ್ಡ ಹಾನಿ ಕಾಣಲಿಲ್ಲ, ಅತಿಯಾದರೆ ದೇಹಕ್ಕೂ ಮನಸ್ಸಿಗೂ ಹಾನಿ ಇದೆ, ಪೂರ್ತಿ ನಿಷೇಧ ಬೇಡ, ಲೈಸೆನ್ಸು ಮತ್ತು ತೆರಿಗೆಯಿಂದ ಹತೋಟಿಯಲ್ಲಿಡಿ ಅನ್ನುವುದು ಅದರ ಸಾರಾಂಶ. ಜನರ ಧಾರ್ಮಿಕ ನಂಬಿಕೆಗೆ ಪೆಟ್ಟು ಬೀಳುತ್ತೆ ಅನ್ನುವುದೂ ನಿಷೇಧ ಬೇಡ ಅನ್ನೋಕೆ ಒಂದು ಕಾರಣವಾಗಿತ್ತು.

ಆಮೇಲೆ 1961ರಲ್ಲಿ ಮಾದಕವಸ್ತುಗಳ ಬಗ್ಗೆ ಅಂತಾರಾಷ್ಟ್ರೀಯ ಒಪ್ಪಂದ ಆಯ್ತು. 1985ರಲ್ಲಿ ನಮ್ಮ ಎನ್‌ಡಿಪಿಎಸ್ ಕಾಯ್ದೆ ಬಂತು. ಗಾಂಜಾ, ಚರಸ್ ಎರಡೂ ಅಪರಾಧ ಆಯ್ತು. ಆದರೆ ಕಾಯ್ದೆಯಲ್ಲಿ ಗಾಂಜಾ ಅಂದರೆ ಗಿಡದ ಹೂವಿನ ತುದಿ, ಕಾಯಿಯ ತುದಿ. ಅದರ ಜೊತೆ ಇಲ್ಲದ ಬರೀ ಎಲೆ, ಬರೀ ಬೀಜ ಗಾಂಜಾ ಅಲ್ಲ. ಎಲೆಯಿಂದ ಮಾಡುವುದೇ ಭಂಗಿ. ಅಂದ್ರೆ ಹಬ್ಬದ ಲೋಟಕ್ಕೆ ಕಾಯ್ದೆಯೊಳಗೇ ಒಂದು ಸಂದಿ ಉಳೀತು. ಇದು ದೂರದ ಕಾಶಿಯ ಮಾತಲ್ಲ. 2022ರ ಆಗಸ್ಟ್‌ನಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್, 29 ಕೆ.ಜಿ. ಭಂಗಿ ಸಿಕ್ಕಿದ್ದ ಒಬ್ಬ ಆರೋಪಿಗೆ ಜಾಮೀನು ಕೊಡುವಾಗ, ಭಂಗಿ ಆ ಕಾಯ್ದೆಯಲ್ಲಿ ನಿಷೇಧಿತ ವಸ್ತು ಅಂತ ಎಲ್ಲೂ ಹೇಳಿಲ್ಲ ಅನ್ನುವುದನ್ನು ಗಮನಿಸಿತು.

ಆದರೆ ಆ ಹುಡುಗನ ಬ್ಯಾಗ್‌ನಲ್ಲಿದ್ದದ್ದು ಭಂಗಿ ಅಲ್ಲ, ಗಾಂಜಾ. ಅದು ಪಿ.ಜಿ. ರೂಮಿನಲ್ಲಿದ್ದರೂ ಅಪರಾಧ, ಜಾತ್ರೆಯಲ್ಲಿದ್ದರೂ ಅಪರಾಧ. ಕಾಯ್ದೆಯಲ್ಲಿ ಪ್ರಸಾದಕ್ಕೆ ಬೇರೆ ಸೆಕ್ಷನ್ ಇಲ್ಲ. ಸಂವಿಧಾನದ 25ನೇ ವಿಧಿ ನಮಗೆಲ್ಲ ಧರ್ಮದ ಸ್ವಾತಂತ್ರ್ಯ ಕೊಟ್ಟಿದೆ, ನಿಜ. ಆದರೆ ಆ ವಿಧಿಯ ಮೊದಲ ಸಾಲಿನಲ್ಲೇ ಮೂರು ಷರತ್ತುಗಳಿವೆ. ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯ. ಈ ಮೂರಕ್ಕೆ ಧಕ್ಕೆ ಬರದ ಹಾಗೆ ಅಂತ.

ಎರಡನೇ ಮಾತು. ಇದನ್ನು ಯಾರೂ ಒಂದು ಧರ್ಮದ ತಲೆಗೆ ಕಟ್ಟಬೇಡಿ. ಕೊಡುವವರು, ತಡೆಯುವವರು ಎಲ್ಲಾ ಮನೆಯಲ್ಲೂ ಇದ್ದಾರೆ.

ಸಿಖ್ ಧರ್ಮ ನಶೆ ಬೇಡ ಅನ್ನುತ್ತೆ. ಅದೇ ಸಿಖ್ಖರಲ್ಲಿ ನಿಹಂಗರು ಅಂತ ಯೋಧ ಪಂಗಡ ಇದೆ. ಅವರಲ್ಲಿ ಭಂಗಿ ಅರೆದು ಕುಡಿಯುವುದು ಹಳೇ ಪದ್ಧತಿ. 2001ರಲ್ಲಿ ಸಿಖ್ಖರ ಧಾರ್ಮಿಕ ಮುಖಂಡರು ಅದನ್ನು ನಿಲ್ಲಿಸಿ ಅಂದಾಗ, ನಿಹಂಗರ ಹಲವು ಮುಖ್ಯಸ್ಥರು ಒಪ್ಪಲಿಲ್ಲ. ಬುದ್ಧನ ಪಂಚಶೀಲದಲ್ಲಿ ಐದನೆಯದೇ ಮತ್ತು ಬರಿಸುವ ವಸ್ತು ಬೇಡ ಅನ್ನುವುದು. ಇಸ್ಲಾಂ ಕಟ್ಟುನಿಟ್ಟಾಗಿ ನಿಷೇಧಿಸಿದೆ. ಆದರೂ ಕೆಲವು ದರ್ಗಾಗಳ ಅಂಗಳದಲ್ಲಿ ಫಕೀರರು ಭಂಗಿ ಅರೆಯುವುದು ನಿಂತಿಲ್ಲ. ಕ್ರೈಸ್ತರ ಪೂಜೆಯಲ್ಲಿ ವೈನ್ ಇದೆ. 1920ರಲ್ಲಿ ಅಮೆರಿಕ ಇಡೀ ದೇಶಕ್ಕೆ ಪಾನನಿಷೇಧ ತಂದಾಗಲೂ ಚರ್ಚಿನ ವೈನ್‌ಗೆ ವಿನಾಯಿತಿ ಕೊಟ್ಟಿತ್ತು. ನಮ್ಮ ಹಳ್ಳಿಗಳಲ್ಲಿ ಹೆಂಡ ನೈವೇದ್ಯ ಇಡುವ ದೈವಗಳಿಲ್ವಾ? ಉಜ್ಜಯಿನಿಯ ಕಾಲಭೈರವನಿಗೆ ಹರಕೆ ಹೊತ್ತವರು ಮದ್ಯವನ್ನೇ ಒಪ್ಪಿಸುತ್ತಾರೆ.

ಅಮೆರಿಕದ ಒಂದು ಕೇಸ್ ಹೇಳ್ತೀನಿ. ಅಲ್ಲಿನ ಮೂಲನಿವಾಸಿಗಳಲ್ಲಿ ನೇಟಿವ್ ಅಮೆರಿಕನ್ ಚರ್ಚ್ ಅಂತಿದೆ. ಅವರ ಪೂಜೆಯಲ್ಲಿ ಪೆಯೋಟೆ ಅನ್ನುವ ಕಳ್ಳಿಗಿಡದ ಸೇವನೆ ಉಂಟು. ಅದು ಭ್ರಮೆ ಹುಟ್ಟಿಸುವ ಗಿಡ. ಒರೆಗಾನ್ ರಾಜ್ಯದಲ್ಲಿ ಇಬ್ಬರು ಅದನ್ನು ಸೇವಿಸಿದ್ದಕ್ಕೆ ಕೆಲಸ ಕಳೆದುಕೊಂಡರು. ಅವರ ಕೆಲಸ ಏನು ಗೊತ್ತಾ? ವ್ಯಸನ ಬಿಡಿಸುವ ಕೇಂದ್ರದಲ್ಲಿ ಸಲಹೆಗಾರರು! ಅವರಲ್ಲಿ ಒಬ್ಬ, ಆಲ್ಫ್ರೆಡ್ ಸ್ಮಿತ್, ಸ್ವತಃ ಕುಡಿತದಿಂದ ಹೊರಬಂದು ಎಷ್ಟೋ ವರ್ಷಗಳಾಗಿದ್ದ ಮನುಷ್ಯ. ಕೇಸ್ ಸುಪ್ರೀಂ ಕೋರ್ಟ್‌ವರೆಗೆ ಹೋಯ್ತು. 1990ರಲ್ಲಿ ಅವರು ಸೋತರು. ಕಾನೂನು ಎಲ್ಲರಿಗೂ ಒಂದೇ ಅಂದಿತು ಕೋರ್ಟ್. ಆಮೇಲೆ ಸಂಸತ್ತು 1994ರಲ್ಲಿ ಕಾನೂನು ತಿದ್ದಿ, ಮೂಲನಿವಾಸಿಗಳ ಪೂಜೆಯ ಪೆಯೋಟೆಗೆ ರಕ್ಷಣೆ ಕೊಟ್ಟಿತು. ಆ ಸಮುದಾಯದಲ್ಲಿ ಅದನ್ನು ಸೇವಿಸುವುದು ಪೂಜೆಯಲ್ಲಿ, ಹಿರಿಯರ ಎದುರಿಗೆ, ಒಂದು ಕಟ್ಟುಪಾಡಿನೊಳಗೆ. ಬೇಜಾರಾದಾಗ ಒಬ್ಬೊಬ್ಬರೇ ಮೂಲೆಯಲ್ಲಿ ಕೂತು ಸೇವಿಸೋದಲ್ಲ.

ಇಲ್ಲಿಗೆ ಹುಡುಗನ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿತು ಅಂತ ನನಗನ್ನಿಸಿತು.

ತಾಯಿಗೆ ಫೋನ್ ಮಾಡಿದೆ. ಹೇಳಿದೆ. "ಅಮ್ಮಾ, ನಿಮ್ಮ ಮಗನಿಗೆ ಹೇಳಿ. ಪುರಾಣದಲ್ಲಿ ಶಿವ ಕುಡಿದದ್ದು ಹಾಲಾಹಲ. ಲೋಕ ಸುಡಬಾರದು ಅಂತ ಕುಡಿದ. ಹೊಟ್ಟೆಗೂ ಇಳಿಸಲಿಲ್ಲ, ಗಂಟಲಲ್ಲೇ ನಿಲ್ಲಿಸಿಕೊಂಡ. ಅದಕ್ಕೇ ನೀಲಕಂಠ. ಚಿಲುಮೆ ಹಿಡಿದ ಶಿವನ ಪೋಸ್ಟರ್ ಬರೆದವನು ಪೋಸ್ಟರ್ ಮಾರುವವನು. ಸಾಧುಗಳ ವಿಷಯಕ್ಕೆ ಬಂದ್ರೆ, ಅವರು ಮನೆ, ಮಠ, ಹೆಸರು, ಬಟ್ಟೆ ಎಲ್ಲಾ ಬಿಟ್ಟು ಹೋದವರು. ನಿಮ್ಮ ಮಗ ಅವರು ಬಿಟ್ಟಿದ್ದರಲ್ಲಿ ಯಾವುದನ್ನು ಬಿಟ್ಟಿದ್ದಾನೆ ಕೇಳಿ. ಅವರು ಹಿಡಿದಿದ್ದು ಒಂದನ್ನೇ ಹಿಡ್ಕೊಂಡ್ರೆ ಆಯ್ತಾ?"

ನನ್ನ ಉತ್ತರ ನನಗೇ ಬಹಳ ಚೆನ್ನಾಗಿ ಕಂಡಿತು. ಇದನ್ನೇ ಒಂದು ಎಪಿಸೋಡ್ ಮಾಡಬಹುದು ಅಂತ ಮನಸ್ಸಿನಲ್ಲಿ ಲೆಕ್ಕ ಹಾಕಿದೆ.

ಆ ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು. "ಸರ, ಅದೆಲ್ಲಾ ಖರೇ. ಅವನಿಗೆ ಹೇಳ್ತೀನಿ. ಆದ್ರ ಅವನು ಬಿಡಬೇಕಂದ್ರೂ ಬಿಡಾಕ ಆಗವಲ್ದು. ಅದಕ್ಕೇನು ಮಾಡ್ಲಿ?"

ಅಲ್ಲಿಯವರೆಗೆ ಆ ತಾಯಿ ಏನೇನು ಮಾಡಿದ್ದರು ಅಂತ ಆಮೇಲೆ ಕೇಳಿದೆ. ಮೊದಲು ಒಬ್ಬ ಸ್ವಾಮಿಗಳ ಹತ್ತಿರ ಹೋಗಿದ್ದರು. ಗ್ರಹಚಾರ ಸರಿಯಿಲ್ಲ, ಶಾಂತಿ ಮಾಡಿಸಿ ಅಂದರಂತೆ. ಸಾಲ ಮಾಡಿ ಮಾಡಿಸಿದರು. ಆಮೇಲೆ ಊರ ಹಿರಿಯರೊಬ್ಬರು, ದಿನಾ ಪೂಜೆ ಮಾಡುವ ಮನುಷ್ಯ, ಇಂಥವನನ್ನು ಮನೆಯಲ್ಲಿಟ್ಟುಕೊಂಡರೆ ಕುಲಕ್ಕೇ ಕಳಂಕ, ಹೊರಗೆ ಹಾಕು ಅಂದರಂತೆ. ಆಮೇಲಿಂದ ಆಕೆ ಯಾರಿಗೂ ಹೇಳಲಿಲ್ಲ. ಮಗ ಹಾಗಾದದ್ದಕ್ಕಿಂತ ಹೆಚ್ಚು ಸಂಕಟ ಅದನ್ನು ಮುಚ್ಚಿಡುವುದರಲ್ಲಿತ್ತು.

"ಡಾಕ್ಟರ್ ಹತ್ರ ಯಾಕೆ ಹೋಗಲಿಲ್ಲಮ್ಮಾ?" ಅಂದೆ.

"ದವಾಖಾನಿಗೆ ಹೋದರ ಪೊಲೀಸರಿಗೆ ತಿಳೀತದಲ್ರೀ. ನೀವ ದಿನಾ ತೋರಸ್ತೀರಲ್ಲ, ಹಿಡಕೊಂಡು ಹೋಗೂದು."

ವೀಕ್ಷಕರೇ, ಈ ಮಾತು ನನ್ನ ಎದೆಗೆ ನಾಟಿತು. ಒಬ್ಬ ತಾಯಿ ಮಗನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗದಿರಲು ಕಾರಣ ನನ್ನ ಕಾರ್ಯಕ್ರಮ.

ಯಾಕಂದ್ರೆ ಕಾನೂನಿನಲ್ಲಿ ಇರುವುದೇ ಬೇರೆ. ಎನ್‌ಡಿಪಿಎಸ್ ಕಾಯ್ದೆಯಲ್ಲಿ 64ಎ ಅಂತ ಒಂದು ಸೆಕ್ಷನ್ ಇದೆ. ಸೇವನೆ ಮಾಡಿದ, ಅಥವಾ ಸಣ್ಣ ಪ್ರಮಾಣದಲ್ಲಿ ಇಟ್ಟುಕೊಂಡ ಆರೋಪ ಇರುವ ವ್ಯಸನಿ, ತಾನಾಗಿ ಮುಂದೆ ಬಂದು ಸರ್ಕಾರಿ ಅಥವಾ ಸರ್ಕಾರ ಮಾನ್ಯ ಮಾಡಿದ ಆಸ್ಪತ್ರೆಯಲ್ಲಿ ವ್ಯಸನ ಬಿಡುವ ಚಿಕಿತ್ಸೆ ಪಡೆದರೆ, ಆ ಅಪರಾಧಕ್ಕೆ ಅವನ ಮೇಲೆ ವಿಚಾರಣೆ ನಡೆಸುವಂತಿಲ್ಲ. ಷರತ್ತು ಒಂದೇ, ಚಿಕಿತ್ಸೆ ಪೂರ್ತಿ ಮಾಡಬೇಕು. ಮಾರಾಟ ಮಾಡುವವನಿಗೆ ಈ ರಕ್ಷಣೆ ಇಲ್ಲ. 20 ಕೆ.ಜಿ.ಗಿಂತ ಹೆಚ್ಚು ಗಾಂಜಾ ಇಟ್ಟುಕೊಂಡು ಸಿಕ್ಕಿಬಿದ್ದವನಿಗೆ ಕನಿಷ್ಠ 10 ವರ್ಷ ಜೈಲು. ಅದು ಇರಲಿ, ಇರಬೇಕು. ಆದರೆ ಬಿಡಬೇಕು ಅಂತ ಬಂದವನಿಗೆ ಸಂಸತ್ತೇ ಬಾಗಿಲು ತೆರೆದಿಟ್ಟಿದೆ. ಅಷ್ಟು ದಿನ, ಅಷ್ಟು ಗಂಟೆ ಡ್ರಗ್ಸ್ ಬಗ್ಗೆ ಮಾತಾಡಿದ ನಾನು 64ಎ ಅನ್ನುವುದನ್ನು ಒಂದೇ ಒಂದು ಸಲ ಬಾಯಿಬಿಟ್ಟು ಹೇಳಿರಲಿಲ್ಲ. ನನಗೆ ಗೊತ್ತಿರಲಿಲ್ಲ. ಗೊತ್ತು ಮಾಡಿಕೊಂಡಿರಲಿಲ್ಲ.

ಈಗ ಮಹಾಂತ ಸ್ವಾಮೀಜಿಯವರ ಮಾತಿಗೆ ಬರ್ತೀನಿ.

1930ರ ಆಗಸ್ಟ್ 1ರಂದು ಹುಟ್ಟಿದವರು. ಇಳಕಲ್ಲಿನ ಚಿತ್ತರಗಿ ವಿಜಯಮಹಾಂತೇಶ್ವರ ಮಠದ ಪೀಠಾಧಿಪತಿಗಳಾಗಿದ್ದರು. 2018ರಲ್ಲಿ ಲಿಂಗೈಕ್ಯರಾದರು. ಸ್ವಾಮಿಗಳು ಜೋಳಿಗೆ ಹಿಡಿದು ಊರಿಗೆ ಬರೋದು ನಮಗೆ ಹೊಸದಲ್ಲ. ಜೋಳ ಹಾಕ್ತೀವಿ, ಅಕ್ಕಿ ಹಾಕ್ತೀವಿ, ದುಡ್ಡು ಹಾಕ್ತೀವಿ. 1975ರಿಂದ ಇವರು ಹಿಡಿದ ಜೋಳಿಗೆಯೇ ಬೇರೆ. ಮಹಾಂತ ಜೋಳಿಗೆ ಅಂತಲೇ ಅದಕ್ಕೆ ಹೆಸರು. ಕಾಳು ಬೇಡ, ಕಾಸು ಬೇಡ, ನಿಮ್ಮ ಕುಡಿತ ಹಾಕಿ, ನಿಮ್ಮ ಬೀಡಿ ಹಾಕಿ, ನಿಮ್ಮ ಗುಟ್ಕಾ ಹಾಕಿ ಅಂತ ಹಳ್ಳಿ ಹಳ್ಳಿ ತಿರುಗಿದರು. ನೀನು ಯಾವ ಜಾತಿ ಅಂತ ಕೇಳಲಿಲ್ಲ.

ಇದರಲ್ಲಿ ಏನಿದೆ ನೋಡಿ. ಸ್ವಾಮೀಜಿ ಎತ್ತರದ ಪೀಠದಲ್ಲಿ ಕೂತು ಬುದ್ಧಿ ಹೇಳಬಹುದಿತ್ತು. ಕುಡುಕ ಮಠದ ಬಾಗಿಲಿಗೆ ಬರಲಿ, ಬಂದರೆ ನೋಡೋಣ ಅನ್ನಬಹುದಿತ್ತು. ಆದರೆ ಅವರೇ ಕುಡುಕನ ಬಾಗಿಲಿಗೆ ಹೋದರು. ಬೇಡುವವರಾಗಿ ಹೋದರು. ಬೇಡುವವನ ಕೈ ಕೆಳಗಿರುತ್ತೆ, ಕೊಡುವವನ ಕೈ ಮೇಲಿರುತ್ತೆ. ಊರೆಲ್ಲ ಛೀ ಥೂ ಅಂದ ಮನುಷ್ಯನಿಗೆ ಅವತ್ತು ಸ್ವಾಮೀಜಿಗೇ ಏನೋ ಕೊಡುವ ಅವಕಾಶ. ಅವನ ಮರ್ಯಾದೆ ಅವನಿಗೆ ವಾಪಸ್ ಸಿಕ್ಕಿತು.

ಧರ್ಮಸ್ಥಳದ ಕಡೆಯಿಂದ ಹಳ್ಳಿಗಳಲ್ಲಿ ಮದ್ಯವರ್ಜನ ಶಿಬಿರಗಳು ನಡೆಯುತ್ತವೆ. ಅಲ್ಲೂ ಊರಿನ ಜನರೇ ಸೇರಿ ಶಿಬಿರ ನಡೆಸುತ್ತಾರೆ, ಹೆಂಡತಿ ಮಕ್ಕಳು ಜೊತೆಗಿರುತ್ತಾರೆ. 1935ರಲ್ಲಿ ಅಮೆರಿಕದಲ್ಲಿ ಇಬ್ಬರು ಕುಡುಕರು ಶುರು ಮಾಡಿದ ಆಲ್ಕೊಹಾಲಿಕ್ಸ್ ಅನಾನಿಮಸ್ ಇವತ್ತು ನಮ್ಮ ಊರುಗಳಲ್ಲೂ ಇದೆ. ದೇವರು ಅನ್ನಿ, ನಿಮಗಿಂತ ದೊಡ್ಡ ಶಕ್ತಿ ಅನ್ನಿ, ಅದಕ್ಕೆ ಶರಣಾಗಿ, ಪಕ್ಕದಲ್ಲಿ ಕೂತವನಿಗೆ ನಿಮ್ಮ ಕಥೆ ಹೇಳಿ ಅನ್ನುತ್ತಾರೆ. ಕುರಾನ್ ನೋಡಿ. ಅದರಲ್ಲಿ ಮದ್ಯದ ನಿಷೇಧ ಒಂದೇ ಏಟಿಗೆ ಬಂದಿಲ್ಲ. ಮೊದಲು ಅದರಲ್ಲಿ ಲಾಭಕ್ಕಿಂತ ಕೇಡು ಹೆಚ್ಚು ಅನ್ನುವ ಮಾತು, ಆಮೇಲೆ ಅಮಲಿನಲ್ಲಿ ಪ್ರಾರ್ಥನೆಗೆ ಬರಬೇಡಿ ಅನ್ನುವ ಮಾತು, ಕೊನೆಗೆ ಪೂರ್ತಿ ನಿಷೇಧ. ಅಭ್ಯಾಸ ಬಿಡೋಕೆ ಮನುಷ್ಯನಿಗೆ ಸಮಯ ಬೇಕು ಅನ್ನುವುದು ಅಲ್ಲೂ ಕಾಣುತ್ತೆ.

ನಶೆಯ ವಿಷಯದಲ್ಲಿ ಧರ್ಮದ ಕೈಯಲ್ಲಿ ಮೂರು ವಸ್ತುಗಳನ್ನು ನಾನು ನೋಡಿದೆ ವೀಕ್ಷಕರೇ. ಒಂದು ಕೈಯಲ್ಲಿ ಪ್ರಸಾದ. ಒಂದು ಕೈಯಲ್ಲಿ ಬೆತ್ತ. ಇನ್ನೊಂದು ಕೈಯಲ್ಲಿ ಜೋಳಿಗೆ. ಪ್ರಸಾದದ ಬಗ್ಗೆ, ಬೆತ್ತದ ಬಗ್ಗೆ ನಾವು ಟಿವಿಯಲ್ಲಿ ದಿನಗಟ್ಟಲೆ ಚರ್ಚೆ ಮಾಡ್ತೀವಿ. ಜೋಳಿಗೆ ಬಗ್ಗೆ ಮಾತಾಡೋದು ವರ್ಷಕ್ಕೆ ಒಂದು ದಿನ. ಅದೂ ಎಷ್ಟು ಚಾನೆಲ್‌ನಲ್ಲಿ?

ಇದು ಎಷ್ಟು ಜನರ ಪ್ರಶ್ನೆ ಗೊತ್ತಾ? 2019ರಲ್ಲಿ ಕೇಂದ್ರ ಸರ್ಕಾರದ ಸಾಮಾಜಿಕ ನ್ಯಾಯ ಸಚಿವಾಲಯ ಒಂದು ಸಮೀಕ್ಷೆಯ ವರದಿ ಕೊಟ್ಟಿತು. ಮಾಡಿದವರು ದೆಹಲಿಯ ಏಮ್ಸ್ ವೈದ್ಯರು. ದೇಶದಲ್ಲಿ ಸುಮಾರು 16 ಕೋಟಿ ಜನ ಮದ್ಯ ಸೇವಿಸುತ್ತಾರೆ. ಭಂಗಿ, ಗಾಂಜಾ, ಚರಸ್ ಎಲ್ಲಾ ಸೇರಿ ಬಳಸುವವರು ಸುಮಾರು 3.1 ಕೋಟಿ. ಅಫೀಮು, ಹೆರಾಯಿನ್ ಥರದ್ದು 2 ಕೋಟಿಗೂ ಹೆಚ್ಚು. ಬಳಸುವ ಎಲ್ಲರೂ ದಾಸರಾಗಿಲ್ಲ, ನಿಜ. ಆದರೆ ಹದಿನೇಳು, ಹದಿನೆಂಟಕ್ಕೆ ಶುರು ಮಾಡಿ ದಿನಾ ಸೇದುವವನ ಅಪಾಯ ಬೇರೆ. ಬೆಳೆಯುತ್ತಿರುವ ಮಿದುಳಿನ ಮೇಲೆ ಗಾಂಜಾದ ಪರಿಣಾಮ ಹೆಚ್ಚು, ಕೆಲವರಲ್ಲಿ ಅದು ಚಿತ್ತವಿಕಲತೆವರೆಗೆ ಹೋಗುತ್ತೆ ಅಂತ ವೈದ್ಯರು ಹೇಳುತ್ತಲೇ ಇದ್ದಾರೆ. ಇನ್ನು ಮದ್ಯದ ಲೆಕ್ಕ ನೋಡಿ, ಎಲ್ಲಕ್ಕಿಂತ ದೊಡ್ಡದು ಅದೇ. ಸಂವಿಧಾನದ 47ನೇ ವಿಧಿ ಪಾನನಿಷೇಧಕ್ಕೆ ಪ್ರಯತ್ನಿಸಿ ಅಂತ ಸರ್ಕಾರಗಳಿಗೆ ಹೇಳುತ್ತೆ. ಸರ್ಕಾರಗಳು ಅಬಕಾರಿಯಿಂದ ಸಾವಿರಾರು ಕೋಟಿ ಎಣಿಸುತ್ತವೆ. ಆಗಸ್ಟ್ 1ರಂದು ವ್ಯಸನಮುಕ್ತ ದಿನದ ಪ್ರತಿಜ್ಞೆ, ಆಗಸ್ಟ್ 2ರಂದು ಅಬಕಾರಿಯ ಗುರಿ. ನಗು ಬರುತ್ತೆ ಅಲ್ವಾ? ನನಗೆ ಬರಲ್ಲ.

ಮತ್ತೆ ಆ ಹುಡುಗನ ವಿಷಯಕ್ಕೆ ಬರ್ತೀನಿ. 64ಎ ಬಗ್ಗೆ ತಿಳಿದುಕೊಂಡು ತಾಯಿಗೆ ಮೂರನೇ ಸಲ ಫೋನ್ ಮಾಡಿದಾಗ ಎತ್ತಿದ್ದು ಮಗ. ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ಆಮೇಲೆ ಅವನೇ ಕೇಳಿದ.

"ಸರ್, ನೀವು ಟಿವಿಯಲ್ಲಿ ನಮ್ಮಂಥವರನ್ನ ಏನಂತ ಕರೆದ್ರಿ, ನೆನಪಿದೆಯಾ?"

ನನಗೆ ನೆನಪಿರಲಿಲ್ಲ.

"ಸಮಾಜದ ಹುಳುಗಳು ಅಂದ್ರಿ. ಅವತ್ತು ನಾನೂ ಅವ್ವನೂ ಒಟ್ಟಿಗೆ ಕೂತು ನೋಡ್ತಿದ್ವಿ. ಅವ್ವ ಎದ್ದು ಒಳಗೆ ಹೋದ್ಲು."

ಆಮೇಲೆ ಹಳೇ ಟೇಪ್ ತೆಗೆಸಿ ನೋಡಿದೆ. ಅಂದಿದ್ದೆ. ಬೆರಳು ತೋರಿಸಿ ಅಂದಿದ್ದೆ.

ಇವತ್ತು ಅದೇ ಕುರ್ಚಿಯಲ್ಲಿ ಕೂತು, ಅದೇ ಕ್ಯಾಮೆರಾ ನೋಡಿಕೊಂಡು ಹೇಳ್ತಿದ್ದೀನಿ. ತಪ್ಪಾಯ್ತು. ಆ ಹುಡುಗನಿಗೆ ಹೇಳ್ತಿದ್ದೀನಿ, ಅವನ ತಾಯಿಗೆ ಹೇಳ್ತಿದ್ದೀನಿ, ಅವತ್ತು ಟಿವಿ ಮುಂದಿನಿಂದ ಎದ್ದು ಒಳಗೆ ಹೋದ ಎಲ್ಲಾ ತಾಯಂದಿರಿಗೂ ಹೇಳ್ತಿದ್ದೀನಿ.

ಆ ಹುಡುಗ ಚಿಕಿತ್ಸೆಗೆ ಹೋದ. ಒಂದು ಸಲ ಬಿಟ್ಟ, ಮತ್ತೆ ಹಿಡಿದ, ಮತ್ತೆ ಹೋದ. ಇದು ಹಾಗೇ ಆಗುತ್ತೆ, ಇದೊಂದು ಕಾಯಿಲೆ ಅಂತ ಅವನ ವೈದ್ಯರು ತಾಯಿಗೆ ಹೇಳಿದರಂತೆ. ಪೂರ್ತಿ ಗೆದ್ದ ಅಂತ ನಾನು ಘೋಷಣೆ ಮಾಡಲ್ಲ, ಅದು ನನ್ನ ಕೆಲಸ ಅಲ್ಲ. ಪರೀಕ್ಷೆ ಬರೆದ ಅಂತ ತಾಯಿ ಹೇಳಿದರು. ರಾತ್ರಿ ನಿದ್ದೆ ಮಾಡ್ತಾನೆ ಅಂದರು. ಅಷ್ಟು ಸಾಕು.

ಕೊನೆಗೆ ಮೂವರಿಗೆ ಮೂರು ಮಾತು.

ಮಠ, ಮಸೀದಿ, ಚರ್ಚು, ಗುಡಿಗಳಲ್ಲಿ ಕೂತ ಹಿರಿಯರಿಗೆ. ನಿಮ್ಮ ಪರಂಪರೆಯಲ್ಲಿ ಗಾಂಜಾ ಇತ್ತೋ ಇಲ್ಲವೋ ಅನ್ನುವ ಚರ್ಚೆ ನೀವೇ ಮಾಡಿಕೊಳ್ಳಿ. ಆದರೆ ಪ್ರಸಾದ ಅನ್ನುವ ಹೆಸರಿಗೆ ದೊಡ್ಡ ಬಲ ಇದೆ. ಅದನ್ನು ಹದಿನೆಂಟರ ಹುಡುಗ ಎಲ್ಲಿಗೆ ಒಯ್ಯುತ್ತಾನೆ ಅಂತ ಒಮ್ಮೆ ಯೋಚಿಸಿ. ನಿಮ್ಮ ಮುಂದೆ ಒಬ್ಬ ತಾಯಿ ಬಂದು ನಿಂತಾಗ ಶಾಂತಿ, ಹೋಮ, ತಾಯಿತದ ಜೊತೆಗೆ ಒಂದು ಮಾತು ಸೇರಿಸಿ. ಆಸ್ಪತ್ರೆಗೆ ಹೋಗಮ್ಮಾ, ನಾಚಿಕೆ ಪಡಬೇಡ, ನಾನು ಜೊತೆಗಿದ್ದೀನಿ ಅಂತ. ನೀವು ಹೇಳಿದರೆ ಆಕೆ ಹೋಗ್ತಾಳೆ. ನಾವು ಹೇಳಿದರೆ ಹೋಗಲ್ಲ.

ಸೇದುತ್ತಿರುವ ಹುಡುಗ ಹುಡುಗಿಯರಿಗೆ. ಶಿವನನ್ನು ಸಾಕ್ಷಿಗೆ ಕರೀಬೇಡಿ. ನಿಮ್ಮನ್ನು ನೀವೇ ಒಂದು ಪ್ರಶ್ನೆ ಕೇಳಿಕೊಳ್ಳಿ. ನಾಳೆ ಒಂದು ದಿನ ಬಿಟ್ಟು ಇರೋಕೆ ಆಗುತ್ತಾ? ಆಗಲ್ಲ ಅಂದ್ರೆ ಅದು ಭಕ್ತಿನೂ ಅಲ್ಲ, ಸ್ವಾತಂತ್ರ್ಯನೂ ಅಲ್ಲ.

ಮನೆಯವರಿಗೆ. ಈ ನಂಬರ್ ಬರೆದುಕೊಳ್ಳಿ. 14446. ವ್ಯಸನ ಬಿಡುವವರಿಗಾಗಿ ಕೇಂದ್ರ ಸರ್ಕಾರದ ಸಹಾಯವಾಣಿ, ದುಡ್ಡಿಲ್ಲ. ಮನಸ್ಸಿನ ಯಾವುದೇ ಸಂಕಟಕ್ಕೆ ಟೆಲಿ ಮಾನಸ್, 14416. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ಪ್ರತ್ಯೇಕ ವಿಭಾಗ ಇದೆ. ಪೊಲೀಸರ ಭಯಕ್ಕೆ ಚಿಕಿತ್ಸೆ ತಪ್ಪಿಸಬೇಡಿ, 64ಎ ನೆನಪಿಡಿ.

ಮಹಾಂತ ಸ್ವಾಮೀಜಿ ಈಗ ಇಲ್ಲ. ಆದರೆ ಜೋಳಿಗೆ ಅಂದ್ರೆ ಒಂದು ಬಟ್ಟೆ ಅಷ್ಟೇ. ಅದನ್ನು ಯಾರು ಬೇಕಾದರೂ ಹಿಡೀಬಹುದು. ನಿಮ್ಮ ಬೀದಿಯಲ್ಲಿ, ನಿಮ್ಮ ಮನೆಯ ಪಕ್ಕದಲ್ಲಿ ಬಾಗಿಲು ಹಾಕಿಕೊಂಡು ಕೂತ ಒಬ್ಬ ತಾಯಿ ಇರಬಹುದು. ಇವತ್ತು ಹೋಗಿ ಬಾಗಿಲು ತಟ್ಟಿ.